ತಲೆಬುರುಡೆಯ ಆಚೆಗೆ: ಬರೋಕ್ ಯುಗದ ‘ವಾನಿತಾಸ್’ ಚಿತ್ರಗಳನ್ನು ಓದುವ ಬಗೆ

17ನೇ ಶತಮಾನದ, ಅಂದರೆ ಕಲಾಚರಿತ್ರೆಯಲ್ಲಿ ಬರೋಕ್ ಎಂದು ಕರೆಯುವ ಯುಗದ, ಯುರೋಪಿನ ಚಿತ್ರಗಳಿರುವ ದೊಡ್ಡ ಸಂಗ್ರಹಾಲಯಗಳಲ್ಲಿ ‘ವಾನಿತಾಸ್’ ಎಂಬ ಪ್ರಕಾರಕ್ಕೆ ಸೇರಿದ ಚಿತ್ರವೊಂದಾದರೂ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಮೇಜಿನ ಮೇಲೊಂದು ತಲೆಬುರುಡೆ, ಪಕ್ಕದಲ್ಲಿ ಈಗಷ್ಟೇ ಆರಿದ ದೀಪ, ಮರಳು ಗಡಿಯಾರ, ಉರುಳಿಬಿದ್ದ ಗಾಜಿನ ಪಾತ್ರೆ, ಅಂಚು ಸವೆದ ಪುಸ್ತಕಗಳು. ನೋಡುಗರಲ್ಲಿ ಹೆಚ್ಚಿನವರು ಬುರುಡೆ ಎಂದರೆ ಸಾವು, ಗಡಿಯಾರ ಎಂದರೆ ಕಾಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಂದಿನ ಚಿತ್ರದತ್ತ ಸಾಗುತ್ತಾರೆ. ಆ ಲೆಕ್ಕ ತಪ್ಪೇನಲ್ಲ, ಆದರೆ ಅಷ್ಟಕ್ಕೇ ನಿಂತರೆ ಚಿತ್ರದ ಬಹುಪಾಲು ಕೈತಪ್ಪಿಹೋಗುತ್ತದೆ. ಬದುಕು ನಶ್ವರ ಎಂಬ ಮಾತನ್ನು ಹೇಳಲು ಒಂದು ಸಾಲು ಸಾಕು. ಹಾಗಿರುವಾಗ ಚಿತ್ರಕಾರನು ಒಂದು ಶಂಖದ ನುಣುಪನ್ನು, ರೇಷ್ಮೆಯ ಮಡಿಕೆಯನ್ನು, ಗಾಜಿನ ಮೇಲೆ ಬಿದ್ದ ಕಿಟಕಿಯ ಬೆಳಕನ್ನು ಅಷ್ಟೊಂದು ಅಕ್ಕರೆಯಿಂದ ಏಕೆ ಬರೆದ? ಯಾವುದನ್ನು ವ್ಯರ್ಥವೆಂದು ಸಾರುತ್ತಿದ್ದಾನೋ ಅದನ್ನೇ ಕಣ್ಣಿಗೆ ಹಬ್ಬವಾಗುವಂತೆ ಏಕೆ ತೋರಿಸಿದ? ಈ ಪ್ರಕಾರದ ಜೀವಾಳ ಈ ಪ್ರಶ್ನೆಯಲ್ಲೇ ಇದೆ ಎಂಬುದು ನನ್ನ ನಂಬಿಕೆ. ಮುಂದೆ ಹೇಳುವ ಕ್ರಮವೆಲ್ಲವೂ ಆ ಪ್ರಶ್ನೆಯನ್ನು ಕೈಬಿಡದೆ ಚಿತ್ರವನ್ನು ನೋಡುವುದಕ್ಕಾಗಿ.

ಮೊದಲು ತಿಳಿದಿರಬೇಕಾದಷ್ಟು ಹಿನ್ನೆಲೆ

ಈ ಪ್ರಕಾರದ ಹೆಸರು ಬೈಬಲಿನ ಹಳೆಯ ಒಡಂಬಡಿಕೆಯ ಪ್ರಸಂಗಿಯ ಗ್ರಂಥದಿಂದ ಬಂದಿದೆ. ಆ ಗ್ರಂಥದ ಆರಂಭದಲ್ಲೇ ಬರುವ ‘ವ್ಯರ್ಥವೇ ವ್ಯರ್ಥ, ಸಮಸ್ತವೂ ವ್ಯರ್ಥ’ ಎಂಬ ಉದ್ಗಾರವು ಲ್ಯಾಟಿನ್ ಬೈಬಲಿನಲ್ಲಿ ‘ವಾನಿತಾಸ್ ವಾನಿತಾತುಮ್’ ಎಂದು ಶುರುವಾಗುತ್ತದೆ. ಮರಣವನ್ನು ನೆನಪಿಸುವ ಚಿತ್ರಗಳು ಮಧ್ಯಯುಗದಲ್ಲೂ ಇದ್ದವು. 15ನೇ ಶತಮಾನದಿಂದಲೇ ವ್ಯಕ್ತಿಚಿತ್ರಗಳ ಹಿಂಬದಿಯಲ್ಲಿ ಬುರುಡೆಯನ್ನು ಬರೆಯುವ ರೂಢಿಯೂ ಇತ್ತು. ಚಿತ್ರದ ಬೆನ್ನಿಗಿದ್ದ ಈ ಬುರುಡೆ ಮುಂಬದಿಗೆ ಬಂದು, ಇಡೀ ಚಿತ್ರವನ್ನು ತಾನೇ ಆಳತೊಡಗಿದ್ದು ಬರೋಕ್ ಯುಗದ ಹೊಸ್ತಿಲಲ್ಲಿ. ಸ್ವತಂತ್ರವಾದ ವಾನಿತಾಸ್ ಚಿತ್ರಗಳಲ್ಲಿ ಈಗ ಉಳಿದಿರುವ ಅತ್ಯಂತ ಹಳೆಯದು ಎಂದು ಸಾಮಾನ್ಯವಾಗಿ ಒಪ್ಪಿರುವ ಕೃತಿಯನ್ನು ಡಚ್ ಚಿತ್ರಕಾರ ಎರಡನೆಯ ಯಾಕೊಬ್ ದೆ ಗೇನ್ 1603ರಲ್ಲಿ ಬರೆದನು. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಗೋಡೆಯ ಗೂಡಿನಲ್ಲಿ ಬುರುಡೆ, ಅದರ ಮೇಲೆ ತೇಲುವ ದೊಡ್ಡದೊಂದು ಗುಳ್ಳೆ, ಮೇಲ್ಗಡೆ ಎರಡು ಬದಿಗೆ ಗ್ರೀಕ್ ತತ್ತ್ವಜ್ಞಾನಿಗಳಾದ ಡೆಮಾಕ್ರಿಟಸ್ ಮತ್ತು ಹೆರಾಕ್ಲಿಟಸ್. ಲೋಕದ ಮರುಳನ್ನು ಕಂಡು ಒಬ್ಬ ನಗುತ್ತಾನೆ, ಇನ್ನೊಬ್ಬ ಅಳುತ್ತಾನೆ. ನೀರ ಮೇಲಣ ಗುಳ್ಳೆಯಂಥ ಬದುಕನ್ನು ನೋಡಿ ನಗಬೇಕೋ ಅಳಬೇಕೋ ಎಂಬುದನ್ನು ಚಿತ್ರ ತೀರ್ಮಾನಿಸುವುದಿಲ್ಲ.

ಈ ಚಿತ್ರಗಳು ಡಚ್ ನಗರವಾದ ಲೈಡನ್‌ನಲ್ಲಿ ವಿಶೇಷವಾಗಿ ಬೆಳೆದವು. 1575ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದಿಂದಾಗಿ ಅಲ್ಲಿ ಪಂಡಿತರು, ಪುಸ್ತಕ ಮುದ್ರಕರು ಮತ್ತು ಪ್ರಾಟೆಸ್ಟೆಂಟರ ಕ್ಯಾಲ್ವಿನ್ ಪಂಥದ ದೇವತಾಶಾಸ್ತ್ರಜ್ಞರು ಸೇರಿದ್ದರು. 1566ರ ವಿಗ್ರಹಭಂಜನೆಯ ಅಲೆಯ ನಂತರ ಪ್ರಾಟೆಸ್ಟೆಂಟ್ ಇಗರ್ಜಿಗಳಿಂದ ಪವಿತ್ರ ಚಿತ್ರಗಳು ಮಾಯವಾದವು. ಇಗರ್ಜಿಯ ಬೇಡಿಕೆಯನ್ನು ಕಳೆದುಕೊಂಡ ಚಿತ್ರಕಾರರು ಮನೆಗಳ ಗೋಡೆಗಾಗಿ, ಬಹಿರಂಗ ಮಾರುಕಟ್ಟೆಗಾಗಿ ಬರೆಯತೊಡಗಿದರು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ದೂರದ ಸಮುದ್ರಗಳಿಂದ ಪಿಂಗಾಣಿ, ಶಂಖ, ರೇಷ್ಮೆ, ಮೆಣಸು ತಂದು ಸುರಿಯುತ್ತಿತ್ತು. ಇದೇ ಹೊತ್ತಿನಲ್ಲಿ ಸ್ಪೇನಿನ ವಿರುದ್ಧ 1568ರಿಂದ 1648ರವರೆಗೆ ನಡೆದ ಯುದ್ಧ, ಜರ್ಮನ್ ನಾಡುಗಳನ್ನು ಸುಟ್ಟ 1618ರಿಂದ 1648ರವರೆಗಿನ ಯುದ್ಧ, ಮತ್ತೆ ಮತ್ತೆ ಬಂದೆರಗುತ್ತಿದ್ದ ಪ್ಲೇಗು. ಮನೆಯೊಳಗೆ ಹಿಂದೆಂದೂ ಕಾಣದಷ್ಟು ವಸ್ತುಗಳು, ಮನೆಯ ಹೊರಗೆ ಹೆಜ್ಜೆಹೆಜ್ಜೆಗೂ ಸಾವು. ಈ ಎರಡೂ ಒಟ್ಟಿಗೆ ಇದ್ದ ಕಾಲವೇ ವಾನಿತಾಸ್ ಚಿತ್ರಗಳನ್ನು ಬೇಡಿತು. ಇಷ್ಟು ತಿಳಿದಿದ್ದರೆ ಆರಂಭಕ್ಕೆ ಸಾಕು.

ಅರ್ಥಕ್ಕೆ ಮುನ್ನ ಬೆಳಕನ್ನು ನೋಡಿ

ಚಿತ್ರದ ಎದುರು ನಿಂತೊಡನೆ, ಅಥವಾ ಅದನ್ನು ಪರದೆಯ ಮೇಲೆ ತೆರೆದೊಡನೆ, ಪಕ್ಕದ ವಿವರಣೆಯನ್ನು ಓದಬೇಡಿ. ವಸ್ತುಗಳ ಹೆಸರನ್ನೂ ಹುಡುಕಬೇಡಿ. ಬೆಳಕು ಎಲ್ಲಿಂದ ಬರುತ್ತಿದೆ, ಯಾವುದರ ಮೇಲೆ ಮೊದಲು ಬೀಳುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಮಾತ್ರ ಗಮನಿಸಿ. ಬರೋಕ್ ಚಿತ್ರಕಾರನಿಗೆ ಬೆಳಕೇ ವಾದ ಮಂಡಿಸುವ ಸಾಧನ. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದನ್ನು ಅವನು ವಸ್ತುಗಳ ಗಾತ್ರಕ್ಕಿಂತ ಹೆಚ್ಚಾಗಿ ಅವುಗಳ ಮೇಲೆ ಬೀಳುವ ಬೆಳಕಿನಿಂದ ಹೇಳುತ್ತಾನೆ.

ಅಭ್ಯಾಸಕ್ಕೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಹಾರ್ಮೆನ್ ಸ್ಟೇನ್‌ವೈಕ್‌ನ ಚಿತ್ರವನ್ನು ಆರಿಸಿಕೊಳ್ಳಬಹುದು. ಮಾನವ ಜೀವನದ ವ್ಯರ್ಥತೆಗಳ ರೂಪಕ ಎಂಬ ಶೀರ್ಷಿಕೆಯಡಿ ಪ್ರದರ್ಶಿತವಾಗಿರುವ, ಸುಮಾರು 1640ರ ಈ ಕೃತಿ ಓಕ್ ಮರದ ಹಲಗೆಯ ಮೇಲಿನ ತೈಲಚಿತ್ರ. ಅದರ ಎತ್ತರ ಸುಮಾರು 39 ಸೆಂಟಿಮೀಟರ್, ಅಗಲ ಸುಮಾರು 51 ಸೆಂಟಿಮೀಟರ್. ಈ ಅಳತೆಯನ್ನು ನೆನಪಿನಲ್ಲಿಡಿ, ಏಕೆಂದರೆ ಅದೂ ಅರ್ಥದ ಭಾಗ. ಇದು ಸಭೆಗೆ ಸಾರುವ ಚಿತ್ರವಲ್ಲ, ಒಬ್ಬೊಬ್ಬರೇ ಹತ್ತಿರ ನಿಂತು ನೋಡಬೇಕಾದ ಚಿತ್ರ.

ಹಿಂದಿನ ಗೋಡೆ ಬರಿದಾಗಿದೆ. ಮೇಲಿನ ಎಡಭಾಗದಿಂದ ಓರೆಯಾಗಿ ಇಳಿದುಬರುವ ಬೆಳಕಿನ ಕೋಲೊಂದು ಆ ಬರಿದಾದ ಜಾಗವನ್ನು ದಾಟಿ ನೇರವಾಗಿ ಬುರುಡೆಯ ಮೇಲೆ ಬೀಳುತ್ತದೆ. ವಸ್ತುಗಳೆಲ್ಲ ಒತ್ತೊತ್ತಾಗಿ ಒಂದರ ಮೇಲೊಂದು ಒರಗಿವೆ. ಚಿತ್ರದ ಗಣನೀಯ ಭಾಗವನ್ನು ಏನೂ ಇಲ್ಲದ ಗೋಡೆಗೇ ಬಿಟ್ಟುಕೊಡಲಾಗಿದೆ. ಮೊದಲ ನೋಟಕ್ಕೆ ಅದು ಹಿನ್ನೆಲೆ ಎನಿಸುತ್ತದೆ. ಸ್ವಲ್ಪ ಹೊತ್ತು ನೋಡುತ್ತಾ ಹೋದರೆ ಆ ಶೂನ್ಯವೂ ಒಂದು ಪಾತ್ರವೆಂಬುದು ತಿಳಿಯುತ್ತದೆ. ಬುರುಡೆಯ ಹತ್ತಿರವೇ ಈಗಷ್ಟೇ ಆರಿದ ದೀಪವಿದೆ. ಅದರ ಬತ್ತಿಯಿಂದ ಕೂದಲೆಳೆಯಷ್ಟು ತೆಳುವಾದ ಹೊಗೆ ಏಳುತ್ತಿದೆ. ದೀಪ ಆರಿದ್ದರೂ ಬೆಳಕು ಇದೆ, ಮತ್ತು ಆ ಬೆಳಕು ಮೇಜಿನ ಮೇಲಿನ ಯಾವ ವಸ್ತುವಿನಿಂದಲೂ ಬಂದದ್ದಲ್ಲ. ಭಕ್ತನಾದ ನೋಡುಗನಿಗೆ ಇಷ್ಟೇ ಸಾಕಾಗಿತ್ತು. ಮನುಷ್ಯ ಹಚ್ಚಿದ ಬೆಳಕು ಮತ್ತು ಮೇಲಿನಿಂದ ಬರುವ ಬೆಳಕು ಬೇರೆಬೇರೆ ಎಂಬುದನ್ನು ಅವನು ಯಾರೂ ಹೇಳದೆಯೇ ಗ್ರಹಿಸುತ್ತಿದ್ದ.

ಆನಂತರ ಮೇಲ್ಮೈಗಳಿಗೆ ಬನ್ನಿ. ಶಂಖದ ಹೊಳಪು ಒಂದು ಬಗೆ, ಬಟ್ಟೆಯ ಮಿಂಚು ಇನ್ನೊಂದು ಬಗೆ, ಮೂಳೆಯ ಒಣಗಿದ ಹೊರಮೈ ಮತ್ತೊಂದು ಬಗೆ. ಪ್ರತಿಯೊಂದಕ್ಕೂ ಬಣ್ಣ ಹಚ್ಚುವ ಕ್ರಮವೇ ಬದಲಾಗಿರುತ್ತದೆ. ಹೊಳೆಯುವ ಕಡೆ ದಪ್ಪನೆಯ ಒಂದು ಬಿಳಿ ಚುಕ್ಕೆ, ನೆರಳಿನ ಕಡೆ ಹಲಗೆಯ ಬಣ್ಣವೇ ಇಣುಕುವಷ್ಟು ತೆಳುವಾದ ಲೇಪ. ಈ ಹಂತದಲ್ಲಿ ಅವಸರ ಮಾಡುವುದು ಸಲ್ಲದು. ವಸ್ತುಗಳನ್ನು ಮುಟ್ಟಬೇಕೆಂಬ ಆಸೆ ನಿಮ್ಮಲ್ಲಿ ಹುಟ್ಟುವವರೆಗೆ ನೋಡಿ. ಆ ಆಸೆ ಹುಟ್ಟದಿದ್ದರೆ ಚಿತ್ರದ ಮಾತು ನಿಮಗೆ ತಾಕುವುದಿಲ್ಲ, ಏಕೆಂದರೆ ಬಿಟ್ಟುಕೊಡು ಎಂದು ಅದು ಕೇಳುತ್ತಿರುವುದು ಅದನ್ನೇ.

ವಸ್ತುಗಳನ್ನು ಹೆಸರಿಸುವುದು, ಗುಂಪು ಮಾಡುವುದು

ಈಗ ಕಾಗದದ ಮೇಲೆ ಕಾಣುವ ವಸ್ತುಗಳನ್ನೆಲ್ಲ ಬರೆದುಕೊಳ್ಳಿ. ವಿದ್ವಾಂಸರು ಇವುಗಳನ್ನು ಸಾಮಾನ್ಯವಾಗಿ ಮೂರು ಗುಂಪುಗಳಲ್ಲಿ ಇಡುತ್ತಾರೆ. ಲೌಕಿಕ ಬದುಕಿನ ವಸ್ತುಗಳು ಒಂದು ಗುಂಪು: ವಿದ್ಯೆಗೆ ಪುಸ್ತಕ ಮತ್ತು ಗರಿಯ ಲೇಖನಿ, ಸಂಪತ್ತಿಗೆ ನಾಣ್ಯ ಮತ್ತು ಮುತ್ತು, ಅಧಿಕಾರಕ್ಕೆ ಕಿರೀಟ ಮತ್ತು ಕತ್ತಿ, ಸುಖಕ್ಕೆ ವಾದ್ಯ, ಮದ್ಯ, ಹೊಗೆಸೊಪ್ಪಿನ ಕೊಳವೆ, ಇಸ್ಪೀಟು. ಕಾಲ ಮತ್ತು ಮರಣವನ್ನು ಸೂಚಿಸುವ ಬುರುಡೆ, ಗಡಿಯಾರ, ಆರಿದ ಬತ್ತಿ, ಗುಳ್ಳೆ, ಬಾಡುವ ಹೂವು ಎರಡನೆಯ ಗುಂಪು. ಪುನರುತ್ಥಾನದ ಭರವಸೆಯನ್ನು ಸೂಚಿಸುವ ಧಾನ್ಯದ ತೆನೆ, ಹಸಿರು ಮಾಸದ ಐವಿ ಬಳ್ಳಿ, ಲಾರೆಲ್ ಎಲೆಗಳು ಮೂರನೆಯದು. ಈ ಮೂರನೆಯ ಗುಂಪನ್ನು ಹುಡುಕುವುದನ್ನು ಹೆಚ್ಚಿನವರು ಮರೆಯುತ್ತಾರೆ. ಬುರುಡೆಯ ಸುತ್ತ ಐವಿಯ ಹಂಬು ಸುತ್ತಿಕೊಂಡಿದ್ದರೆ ಚಿತ್ರದ ಒಟ್ಟು ಮಾತೇ ಬದಲಾಗುತ್ತದೆ.

ಗುಂಪು ಮಾಡಿದ ಮೇಲೆ, ಯಾವ ವಸ್ತು ಒಂದಕ್ಕಿಂತ ಹೆಚ್ಚು ಗುಂಪಿಗೆ ಸೇರುತ್ತದೆ ಎಂದು ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಚಿತ್ರ ಬಿಚ್ಚಿಕೊಳ್ಳುವುದು ಇಲ್ಲೇ. ಸ್ಟೇನ್‌ವೈಕ್‌ನ ಮೇಜಿನ ಮೇಲಿರುವ ಕೈಗಡಿಯಾರದ ಗಾತ್ರದ ಗಡಿಯಾರ ಕಾಲದ ಸಂಕೇತ ಹೌದು, ಆದರೆ ಆ ಕಾಲದಲ್ಲಿ ಅದು ಸಿರಿವಂತರಷ್ಟೇ ಕೊಳ್ಳಬಹುದಾಗಿದ್ದ ಯಂತ್ರವೂ ಹೌದು. ಶಂಖ ಪರದೇಶದಿಂದ ಬಂದ ದುಬಾರಿ ಸಂಗ್ರಹವಸ್ತು. ಒಳಗಿದ್ದ ಜೀವಿ ಸತ್ತ ಮೇಲೆ ಉಳಿದ ಖಾಲಿ ಮನೆಯೂ ಅದೇ. ಅವನ ಚಿತ್ರದಲ್ಲಿ ಜಪಾನಿನ ಕತ್ತಿಯೊಂದಿದೆ. 1639ರಲ್ಲಿ ಪೋರ್ಚುಗೀಸರನ್ನು ಹೊರಹಾಕಿದ ಮೇಲೆ ಜಪಾನಿನಲ್ಲಿ ವ್ಯಾಪಾರ ಮಾಡಲು ಅಪ್ಪಣೆಯಿದ್ದ ಯುರೋಪಿನವರೆಂದರೆ ಡಚ್ಚರು ಮಾತ್ರ. ಆ ಕತ್ತಿ ಅಧಿಕಾರದ ಸಂಕೇತವಾಗಿರುವಂತೆಯೇ ತನ್ನ ದೇಶದ ಹಡಗುಗಳ ಬಗೆಗಿನ ಹೆಮ್ಮೆಯ ಗುರುತೂ ಆಗಿದೆ. ಆ ಹೆಮ್ಮೆಯನ್ನು ಬುರುಡೆಯ ಪಕ್ಕದಲ್ಲಿ ಮಲಗಿಸಿ ಇಟ್ಟಿರುವುದರಲ್ಲಿ ಒಂದು ಧೈರ್ಯವಿದೆ.

ವಾದ್ಯಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಲ್ಯೂಟ್ ಎಂಬ ತಂತಿವಾದ್ಯ, ಪಿಟೀಲು, ಕೊಳಲುಗಳು ಈ ಚಿತ್ರಗಳಲ್ಲಿ ಪದೇ ಪದೇ ಬರುವುದಕ್ಕೆ ಇಂದ್ರಿಯಸುಖ ಎಂಬ ಕಾರಣವನ್ನಷ್ಟೇ ಕೊಡುವುದು ಸಾಲದು. ಮೀಟಿದ ತಂತಿಯ ನಾದ ಹುಟ್ಟಿದ ಕ್ಷಣದಿಂದಲೇ ಸಾಯಲು ತೊಡಗುತ್ತದೆ. ಅದನ್ನು ಹಿಡಿದಿಡುವ ಉಪಾಯ ಆ ಕಾಲದಲ್ಲಿ ಇರಲಿಲ್ಲ. ನುಡಿಸುವವರಿಲ್ಲದೆ ಮೇಜಿನ ಮೇಲೆ ಬಿದ್ದಿರುವ ವಾದ್ಯವನ್ನು ಕಂಡಾಗ ಆ ಮೌನವನ್ನೂ ಚಿತ್ರದ ಒಂದು ವಸ್ತುವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಚಿತ್ರದೊಳಗಿನ ಚಿತ್ರಕಾರ

ಮುಂದಿನ ಹೆಜ್ಜೆಗೆ ಕಣ್ಣು ಚುರುಕಾಗಿರಬೇಕು. ಗಾಜು, ಲೋಹ, ನೀರು, ಹೀಗೆ ಪ್ರತಿಫಲಿಸುವ ಪ್ರತಿಯೊಂದು ಮೇಲ್ಮೈಯನ್ನೂ ಹತ್ತಿರಕ್ಕೆ ತಂದು ನೋಡಿ. ನ್ಯೂರೆಂಬರ್ಗಿನ ಜರ್ಮನ್ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಹಾರ್ಲೆಮ್‌ನ ಪೀಟರ್ ಕ್ಲಾಸ್ ಸುಮಾರು 1628ರಲ್ಲಿ ಬರೆದ ಚಿತ್ರವಿದೆ. ಪಿಟೀಲು, ಬುರುಡೆ, ಉರುಳಿಬಿದ್ದ ಗಾಜಿನ ಪಾತ್ರೆಗಳ ಜೊತೆಗೆ ಅಲ್ಲೊಂದು ಗಾಜಿನ ಗೋಲವಿದೆ. ಗೋಲದೊಳಗೆ ಇಡೀ ಕೋಣೆ ಬಾಗಿ ಕಾಣುತ್ತದೆ. ಅಲ್ಲಿ ಚಿತ್ರಪೀಠದ ಎದುರು ಕುಳಿತ ಕ್ಲಾಸ್‌ನ ಪುಟ್ಟ ಆಕೃತಿಯೂ ಇದೆ. ವಿಯೆನ್ನಾದಲ್ಲಿರುವ, ಮರಿಯಾ ಫಾನ್ ಓಸ್ಟರ್‌ವೈಕ್ 1668ರಲ್ಲಿ ಬರೆದ ವಾನಿತಾಸ್‌ನಲ್ಲಿ ತೆನೆಯನ್ನು ಕಡಿಯುವ ಇಲಿ, ಪುಸ್ತಕದ ಮೇಲೆ ಕುಳಿತ ಚಿಟ್ಟೆ, ಖಗೋಳದ ಗೋಲ ಇವುಗಳ ನಡುವೆ ದ್ರವ ತುಂಬಿದ ಗಾಜಿನ ಶೀಸೆಯೊಂದಿದ್ದು, ಅದರ ಉಬ್ಬಿನಲ್ಲಿ ಅವಳ ಪ್ರತಿಬಿಂಬವಿದೆ. ಎಲ್ಲವೂ ವ್ಯರ್ಥ ಎನ್ನುವವರು ತಮ್ಮನ್ನೇ ಆ ಪಟ್ಟಿಯಿಂದ ಹೊರಗಿಡಲಿಲ್ಲ. ಅದೇ ವೇಳೆ ತಮ್ಮ ಮುಖವನ್ನು ಶತಮಾನಗಳ ಆಚೆಗೆ ದಾಟಿಸಿಯೂ ಬಿಟ್ಟರು. ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವ ಅಗತ್ಯ ನೋಡುಗನಿಗಿಲ್ಲ.

ಈ ವಿಷಯದಲ್ಲಿ ಎಲ್ಲರಿಗಿಂತ ಆಳಕ್ಕೆ ಹೋದವನು ಲೈಡನ್‌ನ ಡಾವಿಡ್ ಬೈಲಿ. ಸ್ಟೇನ್‌ವೈಕ್‌ಗೆ ಇವನು ಸೋದರಮಾವ, ಗುರುವೂ ಹೌದು. ಬೈಲಿ 1651ರಲ್ಲಿ ಬರೆದ ಚಿತ್ರ ಆ ಊರಿನದೇ ಲಾಕನ್‌ಹಾಲ್ ಸಂಗ್ರಹಾಲಯದಲ್ಲಿದೆ. ಅದಕ್ಕೆ ಬೇಕಾದಷ್ಟು ಸಮಯ ಕೊಡಿ. ಯುವಕನೊಬ್ಬ ಮೇಜಿನ ಪಕ್ಕ ಕುಳಿತು ನಮ್ಮತ್ತ ನೋಡುತ್ತಿದ್ದಾನೆ. ಅವನ ಒಂದು ಕೈಯಲ್ಲಿ ಚಿತ್ರಕಾರರು ಬರೆಯುವಾಗ ಕೈ ಊರಿಕೊಳ್ಳುವ ಉದ್ದನೆಯ ಕೋಲು. ಇನ್ನೊಂದು ಕೈ ಮೇಜಿನ ಮೇಲೆ ನಿಲ್ಲಿಸಿ ಹಿಡಿದಿರುವುದು ವಯಸ್ಸಾದ ಗಂಡಸೊಬ್ಬನ ಪುಟ್ಟ ಅಂಡಾಕಾರದ ವ್ಯಕ್ತಿಚಿತ್ರ. ಮೇಜಿನ ತುಂಬ ಬುರುಡೆ, ಮುತ್ತಿನ ಸರ, ನಾಣ್ಯಗಳು, ಗುಲಾಬಿ, ಮರಳು ಗಡಿಯಾರ, ಆರಿ ಹೊಗೆಯಾಡುವ ಮೇಣದ ಬತ್ತಿ, ಉರುಳಿದ ಗಾಜಿನ ಪಾತ್ರೆ. ಗಾಳಿಯಲ್ಲಿ ಸಾಬೂನಿನ ಗುಳ್ಳೆಗಳು ತೇಲುತ್ತಿವೆ. ಮೇಜಿನ ಅಂಚಿನಲ್ಲಿ ತೂಗುವ ಕಾಗದದ ಮೇಲೆ ಪ್ರಸಂಗಿಯ ಆ ಲ್ಯಾಟಿನ್ ವಾಕ್ಯ, ಅದರ ಜೊತೆಗೇ ಬೈಲಿಯ ಸಹಿ ಮತ್ತು ಇಸವಿ.

ಸುಮ್ಮನೆ ನೋಡಿದವರು ಯುವಕನೇ ಚಿತ್ರಕಾರ, ಅವನ ಕೈಯಲ್ಲಿರುವುದು ಅವನ ತಂದೆಯ ಚಿತ್ರವಿರಬಹುದು ಎಂದುಕೊಳ್ಳುತ್ತಾರೆ. ಇಸವಿಯನ್ನು ಓದಿದವರಿಗೆ ಲೆಕ್ಕ ಬೇರೆಯಾಗುತ್ತದೆ. 1584ರಲ್ಲಿ ಹುಟ್ಟಿದ ಬೈಲಿಗೆ 1651ರಲ್ಲಿ 67 ವರ್ಷದ ಆಸುಪಾಸು. ಅಂಡಾಕಾರದ ಚೌಕಟ್ಟಿನೊಳಗಿನ ಮುದುಕನೇ ಆ ಕ್ಷಣದ ಬೈಲಿ. ರಕ್ತಮಾಂಸದಿಂದ ಎದುರು ಕುಳಿತಂತೆ ಕಾಣುವ ಯುವಕನನ್ನು ಎಂದೋ ಕಳೆದುಹೋದ ಅವನದೇ ತಾರುಣ್ಯ ಎಂದು ಹೆಚ್ಚಿನ ವಿದ್ವಾಂಸರು ಓದುತ್ತಾರೆ. ಚಿತ್ರದೊಳಗಿನ ಚಿತ್ರ ವರ್ತಮಾನ, ಜೀವಂತವಾಗಿ ಕಾಣುವುದು ಭೂತಕಾಲ. ಹಿಂಬದಿಯ ಗೋಡೆಯನ್ನೂ ಬಿಡಬೇಡಿ. ಅಲ್ಲಿ ಎತ್ತರದ ಗಾಜಿನ ಪಾತ್ರೆಯ ಹಿಂದೆ ಮಸುಕಾಗಿ, ಗೋಡೆಯಲ್ಲೇ ಕರಗಿಹೋಗುತ್ತಿರುವಂತೆ ಹೆಂಗಸೊಬ್ಬಳ ಮುಖವಿದೆ. ಪಕ್ಕದಲ್ಲಿ ಬಣ್ಣದ ಹಲಗೆ ಮೊಳೆಗೆ ತೂಗುಬಿದ್ದಿದೆ. ಕೆಲಸ ಮುಗಿಸಿದವನು ತೂಗುಹಾಕುವಂತೆ ಅದು ತೂಗಿದೆ.

ಇಲ್ಲಿ ಒಂದು ವಿಧಾನ ಅಡಗಿದೆ. ಚಿತ್ರದಲ್ಲಿ ಬರಹವಿದ್ದರೆ ಅದನ್ನು ಕೊನೆಯಲ್ಲಿ ಓದಿ. ಓದಿದ ಮೇಲೆ ಚಿತ್ರಕಾರನ ಜನನದ ಇಸವಿಯನ್ನು ನೋಡಿ, ಬರೆಯುವಾಗ ಅವನಿಗೆ ಎಷ್ಟು ವಯಸ್ಸು ಎಂದು ಲೆಕ್ಕ ಹಾಕಿ. ಇಷ್ಟು ಸಣ್ಣ ಕೆಲಸದಿಂದ ಸಿದ್ಧಮಾದರಿಯ ಉಪದೇಶದಂತೆ ಕಾಣುತ್ತಿದ್ದ ಚಿತ್ರ ಒಬ್ಬ ಮನುಷ್ಯನ ಸ್ವಂತ ಮಾತಾಗಿಬಿಡುವುದುಂಟು.

ಚಿತ್ರವೆಂಬ ವಸ್ತುವೇ ನಶ್ವರ ಎಂಬಲ್ಲಿಗೂ ಕೆಲವರು ಹೋದರು. ಕೊರ್ನೇಲಿಸ್ ನಾರ್ಬರ್ಟಸ್ ಖೈಸ್ಬ್ರೆಖ್ಟ್ಸ್ ವಾನಿತಾಸ್ ಬರೆದು, ಅದರ ಕ್ಯಾನ್ವಾಸಿನ ಮೂಲೆ ಚೌಕಟ್ಟಿನಿಂದ ಕಿತ್ತುಬಂದು ಬಾಗಿರುವಂತೆ ಬಣ್ಣದಲ್ಲೇ ತೋರಿಸಿದನು. ಕೋಪನ್‌ಹೇಗನ್ನಿನಲ್ಲಿರುವ ಅವನ ಸುಮಾರು 1670ರ ಇನ್ನೊಂದು ಕೃತಿಯಲ್ಲಂತೂ ಇರುವುದು ಚಿತ್ರವೊಂದರ ಹಿಂಬದಿ ಮಾತ್ರ: ಮರದ ಚೌಕಟ್ಟು, ಮೊಳೆಗಳು, ಅಂಟಿಸಿದ ಒಂದು ಸಂಖ್ಯೆಯ ಚೀಟಿ.

ಕ್ಯಾಥೊಲಿಕ್ ನಾಡುಗಳಲ್ಲಿ: ಚಿತ್ರ ಇರುವ ಜಾಗವನ್ನೂ ಓದಬೇಕು

ಡಚ್ ಚಿತ್ರಗಳು ಮನೆಯ ಗೋಡೆಗೆ ಸೇರಿದವು. ಸ್ಪೇನ್ ಮತ್ತು ಇಟಲಿಯಲ್ಲಿ ಇದೇ ವಿಷಯ ಇಗರ್ಜಿ, ಸಮಾಧಿ ಮತ್ತು ಧಾರ್ಮಿಕ ಸಂಘಗಳ ಆಶ್ರಯದಲ್ಲಿ ಬೆಳೆಯಿತು. ಅಲ್ಲಿ ನೋಡುವ ಕ್ರಮವೂ ಬದಲಾಗಬೇಕು. ಸೆವಿಲ್ ನಗರದ ಕರುಣಾಲಯ, ಅಂದರೆ ಕಾರಿದಾದ್ ಆಸ್ಪತ್ರೆಯ ಇಗರ್ಜಿ ಇದಕ್ಕೆ ಅತ್ಯುತ್ತಮ ಪಾಠ. 1649ರ ಪ್ಲೇಗಿನಲ್ಲಿ ಸೆವಿಲ್ ತನ್ನ ಜನಸಂಖ್ಯೆಯ ಸುಮಾರು ಅರ್ಧದಷ್ಟನ್ನು ಕಳೆದುಕೊಂಡಿತ್ತು. ಅನಾಥ ಶವಗಳಿಗೆ ಮತ್ತು ಗಲ್ಲಿಗೇರಿದವರಿಗೆ ಸಂಸ್ಕಾರ ಮಾಡುತ್ತಿದ್ದ ಅಲ್ಲಿನ ಸಂಘಕ್ಕೆ ಮಿಗೆಲ್ ಮನ್ಯಾರಾ ಎಂಬ ಸಿರಿವಂತ ಗಣ್ಯನು ಮುಖ್ಯಸ್ಥನಾದನು. ಅವನ ಯೋಜನೆಯಂತೆ ಹುವಾನ್ ದೆ ವಾಲ್ದೆಸ್ ಲಿಯಾಲ್ 1670–72ರಲ್ಲಿ ಎರಡು ದೊಡ್ಡ ಚಿತ್ರಗಳನ್ನು ಬರೆದುಕೊಟ್ಟನು.

ಒಂದರ ಹೆಸರು ‘ಕಣ್ಣು ಮಿಟುಕಿಸುವಷ್ಟರಲ್ಲಿ’ ಎಂಬರ್ಥದ ಲ್ಯಾಟಿನ್ ಮಾತು. ಕಂಕುಳಲ್ಲಿ ಶವಪೆಟ್ಟಿಗೆಯನ್ನೂ ಕುಡುಗೋಲನ್ನೂ ಹಿಡಿದ ಅಸ್ಥಿಪಂಜರ ಭೂಗೋಲದ ಮೇಲೆ ಕಾಲಿಟ್ಟು ಮೇಣದ ಬತ್ತಿಯನ್ನು ನಂದಿಸುತ್ತಿದೆ. ಕೆಳಗೆ ಕಿರೀಟ, ಕವಚ, ಪುಸ್ತಕಗಳು ರಾಶಿಬಿದ್ದಿವೆ. ಇನ್ನೊಂದರ ಹೆಸರು ‘ಲೋಕವೈಭವದ ಅಂತ್ಯ’. ನೆಲಮಾಳಿಗೆಯಲ್ಲಿ ವಸ್ತ್ರಾಲಂಕಾರದ ಸಮೇತ ಕೊಳೆಯುತ್ತಿರುವ ಬಿಷಪ್, ಅವನ ಹಿಂದೆ ಕಲಾತ್ರಾವಾ ಎಂಬ ವೀರಪಂಗಡದ ಯೋಧ. ಮನ್ಯಾರಾ ಆ ಪಂಗಡಕ್ಕೇ ಸೇರಿದವನು. ಮೇಲೆ ಗಾಯದ ಗುರುತುಳ್ಳ ಕ್ರಿಸ್ತನ ಕೈ ತಕ್ಕಡಿಯನ್ನು ಹಿಡಿದಿದೆ. ಒಂದು ತಟ್ಟೆಯಲ್ಲಿ ‘ಹೆಚ್ಚೂ ಬೇಡ’ ಎಂದೂ ಇನ್ನೊಂದರಲ್ಲಿ ‘ಕಡಿಮೆಯೂ ಬೇಡ’ ಎಂದೂ ಬರೆದಿದೆ.

ಪುಸ್ತಕಗಳಲ್ಲಿ ಈ ಎರಡನ್ನೇ ಬಿಡಿಯಾಗಿ ಅಚ್ಚುಹಾಕುವುದರಿಂದ ಇವು ಕೇವಲ ಭೀತಿ ಹುಟ್ಟಿಸುವ ಚಿತ್ರಗಳೆಂಬ ಹೆಸರು ಪಡೆದಿವೆ. ಇದು ಅನ್ಯಾಯ. ಇವು ಇರುವುದು ಇಗರ್ಜಿಯ ಬಾಗಿಲಿನ ಹತ್ತಿರ, ಎದುರುಬದುರಾಗಿ. ಒಳಗೆ ಹೋಗುವವರು ಇವೆರಡರ ನಡುವೆ ಹಾದುಹೋಗಲೇಬೇಕು. ಮುಂದೆ ನಡೆದಂತೆ ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು ಮುಂತಾದ ಕರುಣೆಯ ಕಾರ್ಯಗಳನ್ನು ನಿರೂಪಿಸುವ, ಸೆವಿಲ್‌ನವನೇ ಆದ ಚಿತ್ರಕಾರ ಮುರಿಲ್ಯೊನ ಚಿತ್ರಸಾಲು ಬರುತ್ತದೆ. ಅವುಗಳಲ್ಲಿ ನಾಲ್ಕನ್ನು 19ನೇ ಶತಮಾನದಲ್ಲಿ ಫ್ರೆಂಚ್ ಸೇನೆ ಕೊಂಡೊಯ್ದ ಕಾರಣ ಈಗ ಆ ಜಾಗಗಳಲ್ಲಿ ಪ್ರತಿಗಳಿವೆ. ಕೊನೆಗೆ ಪೀಠದಲ್ಲಿ ಪೇದ್ರೊ ರೊಲ್ದಾನ್ ಕೆತ್ತಿದ ಕ್ರಿಸ್ತನ ಶವಸಂಸ್ಕಾರದ ಶಿಲ್ಪ. ಸತ್ತವರನ್ನು ಹೂಳುವುದು ಕರುಣೆಯ ಏಳನೆಯ ಕಾರ್ಯ. ಎಲ್ಲವೂ ಅಳಿಯುತ್ತದೆ ಎಂದು ಬಾಗಿಲಲ್ಲಿ ಕೇಳಿಸಿಕೊಂಡವನು, ಹಾಗಾದರೆ ಮಾಡಬೇಕಾದ್ದೇನು ಎಂಬುದನ್ನು ನಡೆಯುತ್ತಾ ಕಾಣುತ್ತಾನೆ. ಆದ್ದರಿಂದ ಇಗರ್ಜಿಯಲ್ಲಿರುವ ಯಾವುದೇ ವಾನಿತಾಸ್ ಕೃತಿಯನ್ನು ನೋಡುವಾಗ, ಅದರ ಎದುರಿಗೆ ಏನಿದೆ, ಅದನ್ನು ದಾಟಿ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಮೊದಲು ವಿಚಾರಿಸಿ.

ರೋಮಿನ ಸಂತ ಪೇತ್ರನ ಮಹಾಮಂದಿರದಲ್ಲಿ ಶಿಲ್ಪಿ ಬೆರ್ನಿನಿ ರೂಪಿಸಿದ, 1678ರಲ್ಲಿ ಮುಗಿದ ಏಳನೆಯ ಅಲೆಕ್ಸಾಂಡರ್ ಪೋಪನ ಸಮಾಧಿಯೂ ಇದೇ ಬಗೆಯದು. ಆ ಜಾಗದಲ್ಲಿ ಮೊದಲೇ ಒಂದು ಬಾಗಿಲಿತ್ತು. ಅದನ್ನು ಮುಚ್ಚುವ ಬದಲು ಬೆರ್ನಿನಿ ಅದನ್ನೇ ಸಾವಿನ ಬಾಗಿಲಾಗಿಸಿದನು. ಬಣ್ಣದ ಕಲ್ಲಿನ ಭಾರವಾದ ಮುಸುಕನ್ನು ಎತ್ತಿ ಕಂಚಿನ ಅಸ್ಥಿಪಂಜರವೊಂದು ಮರಳು ಗಡಿಯಾರವನ್ನು ಚಾಚುತ್ತದೆ. ಮೇಲೆ ಪೋಪ್ ಕಣ್ಣೆತ್ತದೆ ಪ್ರಾರ್ಥನೆಯಲ್ಲಿ ಮಂಡಿಯೂರಿದ್ದಾನೆ. ಬೆರ್ನಿನಿಗೆ ಆಗ 80ರ ಸಮೀಪ.

ಇದೇ ವಿಷಯ ಪಿಸುಮಾತಿನಲ್ಲಿ ಬೇಕೆನಿಸಿದರೆ ಲೊರೇನ್ ಪ್ರಾಂತ್ಯದ ಜಾರ್ಜ್ ದೆ ಲಾ ತೂರ್ ಬರೆದ, ಕ್ರಿಸ್ತನ ಶಿಷ್ಯೆ ಮಗ್ದಲದ ಮರಿಯಳ ಚಿತ್ರಗಳತ್ತ ಹೋಗಿ. ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಅವಳ ಮಡಿಲಲ್ಲಿ ಬುರುಡೆಯಿದೆ, ಕಳಚಿದ ಒಡವೆಗಳು ಮೇಜಿನ ಮೇಲೂ ನೆಲದ ಮೇಲೂ ಬಿದ್ದಿವೆ. ಒಂದು ಜ್ವಾಲೆ ಮೇಜಿನ ಮೇಲೆ, ಅದೇ ಜ್ವಾಲೆ ಇನ್ನೊಮ್ಮೆ ಕನ್ನಡಿಯೊಳಗೆ. ಅವಳ ಮುಖ ನಮಗೆ ಅರ್ಧವೂ ಕಾಣುವುದಿಲ್ಲ.

ಕಾವ್ಯ ಮತ್ತು ಸಂಗೀತದ ನೆರವು

ಚಿತ್ರಗಳ ಜೊತೆಗೆ ಆ ಕಾಲದ ಒಂದೆರಡು ಕವಿತೆಗಳನ್ನು ಓದಿದರೆ ಕಣ್ಣು ಇನ್ನಷ್ಟು ಹದವಾಗುತ್ತದೆ. ಸೈಲೀಸಿಯಾ ಪ್ರಾಂತ್ಯದ ಜರ್ಮನ್ ಕವಿ ಆಂದ್ರೆಯಾಸ್ ಗ್ರೂಫಿಯಸ್ 1616ರಲ್ಲಿ ಹುಟ್ಟಿ, ಯುದ್ಧದ ನಡುವೆಯೇ ಬೆಳೆದು, ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡವನು. ಎಲ್ಲವೂ ವ್ಯರ್ಥ ಎಂಬ ಅವನ ಸಾನೆಟ್ 1637ರಲ್ಲಿ ಮೊದಲು ಅಚ್ಚಾಯಿತು. ಇಂದು ಒಬ್ಬ ಕಟ್ಟಿದ್ದನ್ನು ನಾಳೆ ಇನ್ನೊಬ್ಬ ಕೆಡವುತ್ತಾನೆ, ಈಗ ಪಟ್ಟಣಗಳಿರುವಲ್ಲಿ ಮುಂದೆ ಕುರಿಕಾಯುವ ಮಗು ಆಡುವ ಹುಲ್ಲುಗಾವಲಿರುತ್ತದೆ ಎನ್ನುವ ಆ ಸಾಲುಗಳ ಹಿಂದೆ ಸುಟ್ಟ ಊರುಗಳನ್ನು ಕಂಡ ಕಣ್ಣಿದೆ. ಸ್ಪೇನಿನ ಗೊಂಗೊರಾ 1582ರಲ್ಲೇ ಬರೆದ ಸಾನೆಟ್ ತರುಣಿಯ ಚೆಲುವನ್ನು ಹೊಗಳುತ್ತಾ ಸಾಗಿ, ಕೊನೆಯ ಸಾಲಿನಲ್ಲಿ ಮಣ್ಣು, ಹೊಗೆ, ಧೂಳು, ನೆರಳು, ಶೂನ್ಯ ಎಂದು ಐದು ಮೆಟ್ಟಿಲು ಇಳಿಯುತ್ತದೆ. ಚಿತ್ರದಲ್ಲಿ ವಸ್ತುಗಳ ಪಟ್ಟಿ ಮಾಡುವ ಅಭ್ಯಾಸವಾದವರಿಗೆ ಈ ಕವಿತೆಗಳೂ ಪಟ್ಟಿಗಳಿಂದಲೇ ಕಟ್ಟಿದವು ಎಂಬುದು ಬೇಗ ಹೊಳೆಯುತ್ತದೆ.

ಸಂಗೀತದಲ್ಲಿ ಜರ್ಮನ್ ರಚನಕಾರ ಫ್ರೋಬರ್ಗರ್‌ನಿಂದ ತೊಡಗುವುದು ಒಳ್ಳೆಯದು. ಪ್ಯಾರಿಸ್ಸಿನ ಲ್ಯೂಟ್ ವಾದಕ ಬ್ಲಾನ್‌ಕ್ರೊಶೆ 1652ರಲ್ಲಿ ಮೆಟ್ಟಿಲಿನಿಂದ ಬಿದ್ದು ಸತ್ತಾಗ ಅವನಿಗಾಗಿ ಫ್ರೋಬರ್ಗರ್ ರಚಿಸಿದ, ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯದ ಶೋಕಗೀತೆ ಕೆಳಕ್ಕೆ ಜಾರುವ ಸ್ವರಶ್ರೇಣಿಯೊಂದಿಗೆ ಮುಗಿಯುತ್ತದೆ. ತನ್ನದೇ ಭಾವಿ ಮರಣವನ್ನು ಕುರಿತ ಧ್ಯಾನವನ್ನೂ ಅವನು ರಚಿಸಿದ್ದಾನೆ. ಬಾಖ್ 1724ರಲ್ಲಿ ಲೈಪ್ಜಿಗ್‌ಗಾಗಿ ರಚಿಸಿದ, ಅಯ್ಯೋ ಎಷ್ಟು ಕ್ಷಣಿಕ ಎಂದು ಶುರುವಾಗುವ 26ನೇ ಸಂಖ್ಯೆಯ ಕಾಂತಾತಾದ, ಅಂದರೆ ವಾದ್ಯಗಳೊಡನೆ ಹಾಡುವ ಇಗರ್ಜಿಯ ಗಾಯನಕೃತಿಯ, ಮೊದಲ ಭಾಗದಲ್ಲಿ ವಾದ್ಯಗಳು ಮಂಜಿನಂತೆ ಮೇಲೆ ಕೆಳಗೆ ಓಡಿ ಮಾಯವಾಗುತ್ತವೆ. ಇವನ್ನು ಕೇಳಿದ ಮೇಲೆ ಚಿತ್ರಗಳ ಮೂಕ ವಾದ್ಯಗಳನ್ನು ಇನ್ನೊಮ್ಮೆ ನೋಡಿ.

ಎಲ್ಲಿ ನಿಲ್ಲಿಸಬೇಕು

ಈ ವಿಧಾನ ರೂಢಿಯಾದವರಿಗೆ ಪ್ರತಿ ನಿಂಬೆಹಣ್ಣಿನಲ್ಲೂ ಮರಣ ಕಾಣತೊಡಗುವ ಅಪಾಯವಿದೆ. ಡಚ್ ಚಿತ್ರಗಳ ವಿಷಯದಲ್ಲಿ ವಿದ್ವಾಂಸರ ನಡುವೆಯೇ ಇದರ ಬಗ್ಗೆ ದೊಡ್ಡ ಚರ್ಚೆ ನಡೆದಿದೆ. ದಿನನಿತ್ಯದ ದೃಶ್ಯಗಳ ಹಿಂದೆ ನೀತಿಯ ಸಂಕೇತಗಳು ಅಡಗಿವೆ ಎಂದು ಆ ಕಾಲದ ಸಂಕೇತಚಿತ್ರಗಳ ಪುಸ್ತಕಗಳನ್ನು ಆಧಾರವಾಗಿಟ್ಟು ಎಡಿ ದೆ ಯೊಂಗ್ ವಾದಿಸಿದರು. ಡಚ್ಚರು ಕಾಣುವ ಲೋಕವನ್ನು ವರ್ಣಿಸುವುದರಲ್ಲೇ ಜ್ಞಾನವನ್ನು ಕಂಡವರು, ಮೇಲ್ಮೈಯನ್ನು ಅರ್ಥದ ಮುಸುಕೆಂದು ತಿಳಿಯಬಾರದು ಎಂದು ಸ್ವೆಟ್ಲಾನಾ ಆಲ್ಪರ್ಸ್ 1980ರ ದಶಕದಲ್ಲಿ ಪ್ರತಿಪಾದಿಸಿದರು. ನಾನು ಇಬ್ಬರಿಂದಲೂ ಕಲಿಯಬೇಕು ಎನ್ನುವವನು. ಆದರೂ ಹೊಸಬರಿಗೆ ಒಂದು ಎಚ್ಚರಿಕೆಯ ನಿಯಮ ಕೊಡಬಹುದಾದರೆ ಅದು ಹೀಗಿದೆ: ಬುರುಡೆ, ಮರಳು ಗಡಿಯಾರ, ಆರಿದ ಬತ್ತಿ, ಬರಹ, ಇವುಗಳಲ್ಲಿ ಒಂದಾದರೂ ಸ್ಪಷ್ಟವಾಗಿ ಇದ್ದರೆ ಮಾತ್ರ ಚಿತ್ರವನ್ನು ವಾನಿತಾಸ್ ಎಂದು ಕರೆಯಿರಿ. ಉಳಿದ ಕಡೆ ಅನುಮಾನವನ್ನು ಹಾಗೆಯೇ ಉಳಿಸಿಕೊಳ್ಳಿ. ಮಿಲಾನಿನ ಅಂಬ್ರೋಸಿಯಾನಾ ಸಂಗ್ರಹಾಲಯದಲ್ಲಿರುವ, ಇಟಲಿಯ ಚಿತ್ರಕಾರ ಕರವಾಜೊನ ಹಣ್ಣಿನ ಬುಟ್ಟಿಯಲ್ಲಿ ಸೇಬಿಗೆ ಹುಳ ಹಿಡಿದಿದೆ, ಎಲೆಗಳು ಒಣಗಿ ಮುರುಟಿವೆ. ಅದು ನಶ್ವರತೆಯ ಮಾತೋ, ಹಣ್ಣನ್ನು ಇದ್ದಂತೆಯೇ ಕಂಡವನ ಪ್ರಾಮಾಣಿಕತೆಯೋ ಎಂದು ಬಿಡಿಸಿ ಹೇಳುವ ಪುರಾವೆ ಚಿತ್ರದೊಳಗಿಲ್ಲ.

ಆರಂಭಿಸುವವರಿಗೆ ಪ್ರಯಾಣದ ಅಗತ್ಯವಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ತಮ್ಮ ಜಾಲತಾಣಗಳಲ್ಲಿ ಬಹಳ ಹಿಗ್ಗಿಸಿ ನೋಡಬಹುದಾದ ಚಿತ್ರಗಳನ್ನು ಉಚಿತವಾಗಿ ಇಟ್ಟಿವೆ. ಹಿಗ್ಗಿಸುವ ಮುನ್ನ ಚಿತ್ರದ ನಿಜವಾದ ಅಳತೆಯನ್ನು ಓದಿ, ಅಷ್ಟೇ ದೊಡ್ಡ ಆಯತವನ್ನು ಕಾಗದದ ಮೇಲೆ ಗೆರೆ ಎಳೆದು ಪಕ್ಕದಲ್ಲಿಟ್ಟುಕೊಳ್ಳಿ. ಸ್ಟೇನ್‌ವೈಕ್‌ನಿಂದ ತೊಡಗಿ, ಕ್ಲಾಸ್‌ನ ಗಾಜಿನ ಗೋಲಕ್ಕೆ, ಅಲ್ಲಿಂದ ಬೈಲಿಗೆ ಹೋಗುವುದು ಸರಿಯಾದ ದಾರಿ ಎಂದು ನನಗನಿಸುತ್ತದೆ. ವಾಲ್ದೆಸ್ ಲಿಯಾಲ್‌ನನ್ನು ಕೊನೆಗಿಟ್ಟುಕೊಳ್ಳಿ. ಮೊದಲೇ ಅವನನ್ನು ನೋಡಿದವರು ಉಳಿದವರ ಮೆಲುದನಿಯನ್ನು ಕೇಳಿಸಿಕೊಳ್ಳಲು ಕಷ್ಟಪಡುತ್ತಾರೆ. ಒಂದು ಸಲ ಕುಳಿತಾಗ ಒಂದೇ ಚಿತ್ರ ಸಾಕು. ಪಟ್ಟಿಯನ್ನು ಕೈಯಿಂದ ಬರೆಯಿರಿ, ಕೆಲವು ದಿನ ಬಿಟ್ಟು ಅದೇ ಚಿತ್ರಕ್ಕೆ ಮರಳಿ ಹೊಸ ಪಟ್ಟಿ ಮಾಡಿ, ಮೊದಲ ಸಲ ಯಾವುದು ಕಣ್ಣಿಗೆ ಬಿದ್ದಿರಲಿಲ್ಲ ಎಂದು ಎರಡನ್ನೂ ಹೋಲಿಸಿ.